ಆರೋಗ್ಯ ಪ್ರಶ್ನೋತ್ತರ: ವರದಿ ಬರುವ ತನಕ ಎದೆಬಡಿತದೊಂದಿಗೆ ಹೇಗಿರಬೇಕು?

ಪ್ರಶ್ನೆ: ನನಗೆ 46 ವರ್ಷ. ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಕೆಲವು ತಿಂಗಳಿಂದ ಎದೆ ಇದ್ದಕ್ಕಿದ್ದಂತೆ ಧಸಕ್ಕೆಂದು, ಒಂದು ಕ್ಷಣ ನಿಂತೇಹೋದಂತಾಗಿ, ಮತ್ತೆ ಜೋರಾಗಿ ಬಡಿದುಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಹತ್ತು ಹದಿನೈದು ನಿಮಿಷ ಡವಡವ ಎನ್ನುತ್ತಲೇ ಇರುತ್ತದೆ. ಇಸಿಜಿ ಸರಿಯಾಗಿದೆ ಎಂದರು. ಎಕೋ (ಹೃದಯದ ಸ್ಕ್ಯಾನ್), ರಕ್ತಪರೀಕ್ಷೆ ಆಗಿವೆ, 24 ಗಂಟೆಯೂ ಎದೆಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರವನ್ನೂ ಹಾಕಿಸಿಕೊಂಡೆ. ಎಲ್ಲ ವರದಿಗಳನ್ನೂ ಒಟ್ಟಿಗೆ ನೋಡಿ ಹೇಳುತ್ತೇವೆ ಎಂದು ಮುಂದಿನ ತಿಂಗಳು ಬರಲು ತಿಳಿಸಿದ್ದಾರೆ. ಅಲ್ಲಿಯವರೆಗೆ ಹೇಗಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳನ್ನು ಓದಿದ ಮೇಲೆ ರಾತ್ರಿ ಮಲಗಲು ಭಯವಾಗುತ್ತದೆ. ಮಧ್ಯರಾತ್ರಿ ಎದ್ದು ನಾಡಿ ಹಿಡಿದು ನೋಡಿಕೊಳ್ಳುತ್ತೇನೆ, ಬೆರಳಿಗೆ ಆಕ್ಸಿಮೀಟರ್ ಹಾಕಿಕೊಳ್ಳುತ್ತೇನೆ. ಇದೇ ತೊಂದರೆಯಿರುವ ನಮ್ಮ ಭಾವನವರು ತಮ್ಮ ಮಾತ್ರೆಯನ್ನು ಕೊಟ್ಟು, ಬಂದಾಗ ಅರ್ಧ ತೆಗೆದುಕೊಳ್ಳಿ ಎಂದಿದ್ದಾರೆ. ತೆಗೆದುಕೊಳ್ಳಬಹುದೇ? ಶಾಲೆಗೆ ಹೋಗಬಹುದೇ? ಕಾಫಿ ಬಿಡಬೇಕೇ?
– ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬಂದಿರುವ ಮಾತ್ರೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇಂದು ರಾತ್ರಿಯೇ ನಡೆದುಬಿಡಬಹುದಾದ ತಪ್ಪು. ದಯವಿಟ್ಟು ಆ ಮಾತ್ರೆಯನ್ನು ತೆಗೆದುಕೊಳ್ಳಬೇಡಿ. ಎದೆಬಡಿತಕ್ಕೆ ಕೊಡುವ ಕೆಲವು ಮಾತ್ರೆಗಳು ಆಸ್ತಮಾ ಇರುವವರಲ್ಲಿ ಉಸಿರು ಕಟ್ಟಿಸುತ್ತವೆ. ಕೆಲವು, ಮೊದಲೇ ನಿಧಾನವಾಗಿರುವ ಹೃದಯವನ್ನು ಇನ್ನಷ್ಟು ನಿಧಾನಗೊಳಿಸಿ ತಲೆಸುತ್ತು ತರುತ್ತವೆ. ಇನ್ನು ಕೆಲವು ತಾವೇ ಹೊಸ ಲಯದೋಷವನ್ನು ಹುಟ್ಟಿಸಬಲ್ಲವು. ಹೃದಯಾಘಾತವಾಗಿ ಚೇತರಿಸಿಕೊಂಡವರಲ್ಲಿ ಕಾಣುತ್ತಿದ್ದ ಹೆಚ್ಚುವರಿ ಬಡಿತಗಳನ್ನು ಮಾತ್ರೆಯಿಂದ ಅಡಗಿಸಿದರೆ ಸಾವು ಕಡಿಮೆಯಾಗುತ್ತದೆ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಅದನ್ನು ಪರೀಕ್ಷಿಸಲೆಂದೇ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 1989ರಲ್ಲಿ ಹೊರಬಂದಾಗ, ಬಡಿತಗಳು ಅಡಗಿದ್ದರೂ ಮಾತ್ರೆ ನುಂಗಿದವರಲ್ಲೇ ಸಾವುಗಳು ಹೆಚ್ಚಾಗಿದ್ದವು. ಯಾವ ಲಯ, ಹೃದಯದ ಯಾವ ಭಾಗದಿಂದ ಹುಟ್ಟುತ್ತಿದೆ ಎಂದು ತಿಳಿಯುವ ಮೊದಲು ಹೃದ್ರೋಗ ತಜ್ಞರು ಮಾತ್ರೆ ಬರೆಯಲು ಹಿಂಜರಿಯುವುದಕ್ಕೆ ಇದೇ ಕಾರಣ. ನಿಮ್ಮ ವೈದ್ಯರು ಏನನ್ನೂ ಕೊಡದೆ ಕಳುಹಿಸಿದ್ದನ್ನು ಅಸಡ್ಡೆ ಎಂದು ತಿಳಿಯಬೇಡಿ.

ಈಗ, ಎದೆಯೊಳಗೆ ನಡೆಯುತ್ತಿರುವುದು ಏನಿರಬಹುದು ಎಂಬ ವಿಷಯ. ಹೃದಯದ ಬಲ ಹೃತ್ಕರ್ಣದ (ಮೇಲಿನ ಕೋಣೆಯ) ಗೋಡೆಯಲ್ಲಿರುವ ಒಂದು ಪುಟ್ಟ ಜೀವಕೋಶ ಸಮೂಹದಿಂದ ಪ್ರತಿ ಬಡಿತಕ್ಕೂ ವಿದ್ಯುತ್ ಸಂಕೇತ ಹೊರಡುತ್ತದೆ. ಈ ಕ್ರಮದಲ್ಲಿ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಡಿತಗಳು ನಡೆಯುತ್ತವೆ. ಅವುಗಳ ನಡುವೆ ಬೇರೊಂದು ಜಾಗದಿಂದ ಸ್ವಲ್ಪ ಮುಂಚಿತವಾಗಿಯೇ ಒಂದು ಸಂಕೇತ ಎದ್ದುಬಿಟ್ಟರೆ ಆ ಬಡಿತ ದುರ್ಬಲವಾಗಿ ಗಮನಕ್ಕೇ ಬರುವುದಿಲ್ಲ. ಅದರ ಹಿಂದೆ ಒಂದು ಸಣ್ಣ ಬಿಡುವು ಉಂಟಾಗುತ್ತದೆ, ಆ ಬಿಡುವಿನಲ್ಲಿ ಹೃತ್ಕುಕ್ಷಿಯಲ್ಲಿ (ಕೆಳಗಿನ ಕೋಣೆಯಲ್ಲಿ) ಹೆಚ್ಚು ರಕ್ತ ತುಂಬಿಕೊಂಡು ಮುಂದಿನ ಬಡಿತ ಬಲವಾಗಿ ಬೀಳುತ್ತದೆ. ನೀವು ‘ನಿಂತೇಹೋದಂತಾಗಿ ಮತ್ತೆ ಜೋರಾಗಿ’ ಎಂದು ಬರೆದಿರುವ ಅನುಭವ ಇದಕ್ಕೆ ಬಹಳ ಮಟ್ಟಿಗೆ ಹೊಂದುತ್ತದೆ. ಇಂತಹ ಹೆಚ್ಚುವರಿ ಬಡಿತಗಳು ಪೂರ್ಣ ಆರೋಗ್ಯವಂತರಲ್ಲೂ ಕಾಣಿಸಿಕೊಳ್ಳುತ್ತವೆ. ಹಗಲಿನ ಗದ್ದಲದಲ್ಲಿ ತಿಳಿಯದ್ದು ರಾತ್ರಿ ಎಡಮಗ್ಗುಲಾಗಿ ಮಲಗಿದಾಗ, ಹೃದಯ ಎದೆಗೂಡಿನ ಗೋಡೆಗೆ ಹತ್ತಿರವಾಗುವುದರಿಂದ, ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಹತ್ತು ಹದಿನೈದು ನಿಮಿಷ ನಡೆಯುವ ಡವಡವ ಬೇರೆಯದೇ ಇರಬಹುದು. ಅದು ಗುಂಡಿ ಒತ್ತಿದಂತೆ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುತ್ತದೆಯೇ, ಇಲ್ಲವೇ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆಯೇ? ಬಡಿತ ವೇಗವಾಗಿದ್ದರೂ ಸಮ ಅಂತರದಲ್ಲಿರುತ್ತದೆಯೇ, ಇಲ್ಲವೇ ಯಾವ ತಾಳಕ್ಕೂ ಸಿಗದೆ ಚೆಲ್ಲಾಪಿಲ್ಲಿಯಾಗಿರುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ನೀವು ಕೊಡುವ ಉತ್ತರ ನಿಮ್ಮ ವೈದ್ಯರಿಗೆ ಒಂದು ಪರೀಕ್ಷೆಯಷ್ಟೇ ಬೆಲೆಬಾಳುತ್ತದೆ.

ಹಾಸನದ ಸುದ್ದಿಯ ಬಗ್ಗೆಯೂ ಹೇಳಬೇಕು. 2025ರ ಜೂನ್–ಜುಲೈ ತಿಂಗಳುಗಳಲ್ಲಿ ಆ ಸುದ್ದಿಗಳನ್ನು ಓದಿ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿ ನಿಂತಿದ್ದರು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಳ್ಳುವುದು. ನಿಮ್ಮಲ್ಲಿ ಹುಡುಕುತ್ತಿರುವುದು ಬಡಿತದ ಲಯದಲ್ಲಿ ಏರುಪೇರಿದೆಯೇ ಎಂಬುದನ್ನು. ಎದೆಯನ್ನು ಹಿಂಡಿದಂತೆ ನೋಯುವುದು, ಆ ನೋವು ಎಡಗೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಇವು ಮೊದಲನೆಯದರ ಸಾಮಾನ್ಯ ಲಕ್ಷಣಗಳು. ಮಹಿಳೆಯರಲ್ಲಿ ಅದು ವಾಕರಿಕೆ, ವಿಪರೀತ ಸುಸ್ತು, ಉಸಿರಾಟದ ಕಷ್ಟಗಳಾಗಿಯೂ ಬರಬಹುದು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ.

ಯಾವಾಗ ಮುಂದಿನ ತಿಂಗಳವರೆಗೆ ಕಾಯಲೇಬಾರದು ಎಂಬುದನ್ನು ಮನೆಯವರೂ ಓದಿಕೊಳ್ಳಲಿ. ಡವಡವದ ಜೊತೆಗೆ ಪ್ರಜ್ಞೆ ತಪ್ಪಿದರೆ ಅಥವಾ ಕಣ್ಣು ಕತ್ತಲಿಟ್ಟು ಬೀಳುವಂತಾದರೆ, ಎದೆನೋವು ಬಂದರೆ, ಕೂತಲ್ಲೇ ಏದುಸಿರು ಬಂದರೆ, ವಿಶ್ರಾಂತಿಯಲ್ಲಿರುವಾಗಲೂ ನಾಡಿ ನಿಮಿಷಕ್ಕೆ 150ರ ಆಸುಪಾಸಿನಲ್ಲೇ ನಿಂತು ಇಪ್ಪತ್ತು ಮೂವತ್ತು ನಿಮಿಷವಾದರೂ ಇಳಿಯದಿದ್ದರೆ, ಹಗಲಾಗಲಿ ರಾತ್ರಿಯಾಗಲಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಮೆಟ್ಟಿಲು ಹತ್ತುವಾಗಲೋ ಓಡುವಾಗಲೋ ತಲೆ ತಿರುಗಿ ಬಿದ್ದರೆ, ಆಮೇಲೆ ಸರಿಹೋದರೂ, ಅಂದೇ ತೋರಿಸಬೇಕು. ಕುಟುಂಬದಲ್ಲಿ ನಲವತ್ತರೊಳಗಿನ ಯಾರಾದರೂ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಿದ್ದೀರಾ? ಹೇಳಿರದಿದ್ದರೆ ಭೇಟಿಯ ದಿನದವರೆಗೆ ಕಾಯದೆ ಈಗಲೇ ಫೋನಿನಲ್ಲಿ ತಿಳಿಸಿ. ಇಂತಹ ಒಂದು ಸಂಗತಿ ನಿಮ್ಮ ಸರದಿಯನ್ನೇ ಮುಂದಕ್ಕೆ ತರಬಹುದು.

ಇವು ಯಾವುವೂ ಇಲ್ಲದ ಡವಡವ ಬಂದಾಗ ಮಾಡಬೇಕಾದ್ದು ಬಹಳವಿಲ್ಲ. ನಿಂತಿದ್ದರೆ ಕುಳಿತುಕೊಳ್ಳಿ. ತರಗತಿಯಲ್ಲಿದ್ದರೆ ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕುರ್ಚಿಯಲ್ಲಿ ಕೂರಲು ಸಂಕೋಚ ಬೇಡ. ಮೂಗಿನಿಂದ ಉಸಿರೆಳೆದು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ನಿಮಿಷಕ್ಕೆ ಆರೇಳು ಉಸಿರಾದರೆ ಸಾಕು. ಗಾಬರಿಯಲ್ಲಿ ನಾವು ಅರಿವಿಲ್ಲದೆ ಬೇಗಬೇಗ ಉಸಿರಾಡುತ್ತೇವೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾದಂತಾಗುವುದು ಅನೇಕ ಸಲ ಆ ವೇಗದ ಉಸಿರಿನ ಫಲವೇ ಹೊರತು ಹೃದಯದ್ದಲ್ಲ. ಪ್ರಾಣಾಯಾಮದ ಅಭ್ಯಾಸವಿದ್ದರೆ ನಿಧಾನಗತಿಯ ಅನುಲೋಮ–ವಿಲೋಮ ಮಾಡಬಹುದು. ಭಸ್ತ್ರಿಕಾ, ಕಪಾಲಭಾತಿಗಳನ್ನು ವರದಿ ಬರುವವರೆಗೆ ಬದಿಗಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕುತ್ತಿಗೆಯ ನರ ಒತ್ತಿದರೆ ಬಡಿತ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಮನೆಯಲ್ಲಿ ಅದನ್ನು ಖಂಡಿತ ಮಾಡಬೇಡಿ. ತಟ್ಟನೆ ಶುರುವಾಗಿ ಸಮವಾಗಿ ಓಡುವ ಒಂದು ಬಗೆಯ ವೇಗದ ಬಡಿತಕ್ಕೆ, ಹದಿನೈದು ಸೆಕೆಂಡು ಉಸಿರು ಬಿಗಿಹಿಡಿದು ಮುಕ್ಕಿ, ಕೂಡಲೇ ಅಂಗಾತ ಮಲಗಿ, ಇನ್ನೊಬ್ಬರಿಂದ ಕಾಲುಗಳನ್ನು ಹದಿನೈದು ಸೆಕೆಂಡು ಮೇಲೆತ್ತಿಸಿಕೊಳ್ಳುವ ಒಂದು ವಿಧಾನವಿದೆ. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಇದರಿಂದ ನೂರಕ್ಕೆ 43 ಮಂದಿಯ ಬಡಿತ ಸಹಜ ಲಯಕ್ಕೆ ಮರಳಿತು, ಬರೀ ಕುಳಿತು ಮುಕ್ಕಿದವರಲ್ಲಿ ಮರಳಿದ್ದು ನೂರಕ್ಕೆ 17 ಮಂದಿಯದು. ನಿಮ್ಮದು ಆ ಬಗೆಯದೇ ಎಂದು ಖಚಿತವಾದರೆ ವೈದ್ಯರೇ ಇದನ್ನು ಕಲಿಸಿಕೊಡುತ್ತಾರೆ. ಅಲ್ಲಿಯವರೆಗೆ ನೀವಾಗಿ ಪ್ರಯೋಗ ಮಾಡುವುದು ಬೇಡ.

ಸಾಧಾರಣ ಇಸಿಜಿ ದಾಖಲಿಸುವುದು ಸುಮಾರು ಹತ್ತು ಸೆಕೆಂಡುಗಳ ಬಡಿತವನ್ನು ಮಾತ್ರ. ಆ ಹತ್ತು ಸೆಕೆಂಡಿನಲ್ಲಿ ತೊಂದರೆ ಕಾಣಿಸಿಕೊಳ್ಳದಿದ್ದರೆ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಹೋಲ್ಟರ್ ಕಟ್ಟಿಕೊಂಡಿದ್ದ ದಿನವೂ ಡವಡವ ಬಾರದೇ ಇದ್ದಿರಬಹುದು. ಆದ್ದರಿಂದ ಕಾಯುವ ಈ ದಿನಗಳಲ್ಲಿ ನೀವು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೆಂದರೆ, ಡವಡವ ನಡೆಯುತ್ತಿರುವಾಗಲೇ ಒಂದು ಇಸಿಜಿ ಸಿಗುವಂತೆ ನೋಡಿಕೊಳ್ಳುವುದು. ಮನೆಗೂ ಶಾಲೆಗೂ ಹತ್ತಿರವಾಗಿ ಇಸಿಜಿ ಯಂತ್ರವಿರುವ ಕ್ಲಿನಿಕ್ ಯಾವುದು, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಇಂದೇ ವಿಚಾರಿಸಿಟ್ಟುಕೊಳ್ಳಿ. ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಂದ ಓದಿಸುವ ವ್ಯವಸ್ಥೆಯೂ ಇದೆ. ಡವಡವ ಇಳಿಯುವ ಮೊದಲೇ ಅಲ್ಲಿಗೆ ತಲುಪಿದರೆ, ‘ಈಗ ನಡೆಯುತ್ತಿದೆ, ದಯವಿಟ್ಟು ಮೊದಲು ಇಸಿಜಿ ತೆಗೆಯಿರಿ’ ಎಂದು ಕೇಳಿ, ಆ ಕಾಗದದ ಒಂದು ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಇಸಿಜಿ ಕಾಗದದ ಬರಹ ಕಾಲಕ್ರಮದಲ್ಲಿ ಮಾಸಿಹೋಗುತ್ತದೆ. ಇದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದಿರಿ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಮುಟ್ಟಿನ ಎಷ್ಟನೆಯ ದಿನ ಎಂಬಿಷ್ಟನ್ನು ಒಂದೆರಡು ಸಾಲಿನಲ್ಲಿ ಬರೆದು ಮುಚ್ಚಿಡಿ. ಹೋಲ್ಟರ್ ಹಾಕಿದ್ದ ದಿನ ಡವಡವ ಬಂದಾಗ ಯಂತ್ರದ ಗುಂಡಿ ಒತ್ತಿದ್ದ ಹೊತ್ತುಗಳು ನೆನಪಿದ್ದರೆ ಅವನ್ನೂ ಬರೆಯಿರಿ.

ಮುಟ್ಟಿನ ವಿಷಯವನ್ನು ಬೇಕೆಂದೇ ಸೇರಿಸಿದ್ದೇನೆ. ನಿಮ್ಮ ವಯಸ್ಸಿನಲ್ಲಿ, ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ, ಹಾರ್ಮೋನುಗಳ ಏರಿಳಿತದಿಂದ ಎದೆ ಡವಗುಟ್ಟುವುದು ಸಾಮಾನ್ಯ. ಅದೇ ಕಾಲದಲ್ಲಿ ಅನೇಕರಿಗೆ ಸ್ರಾವ ಹೆಚ್ಚಾಗಿ ರಕ್ತಹೀನತೆಯೂ ಬಂದಿರುತ್ತದೆ, ರಕ್ತ ಕಡಿಮೆಯಾದಾಗ ಹೃದಯ ವೇಗವಾಗಿ ಬಡಿಯಲೇಬೇಕಾಗುತ್ತದೆ. ಥೈರಾಯ್ಡ್ ಹೆಚ್ಚಾಗಿದ್ದರೂ ಹೀಗೆಯೇ. ಥೈರಾಯ್ಡ್ ಕಡಿಮೆ ಇದ್ದು ಮಾತ್ರೆ ನುಂಗುತ್ತಿರುವವರಲ್ಲಿ ಮಾತ್ರೆಯ ಪ್ರಮಾಣ ಹೆಚ್ಚಾದರೂ ಎದೆ ಓಡುತ್ತದೆ. ಹಾಗಾಗಿ ಹಿಮೋಗ್ಲೋಬಿನ್, ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ), ಪೊಟ್ಯಾಸಿಯಮ್ ನಿಮ್ಮ ರಕ್ತಪರೀಕ್ಷೆಯಲ್ಲಿ ಸೇರಿವೆಯೇ ಎಂದು ರಸೀದಿಯಲ್ಲಿ ನೋಡಿಕೊಳ್ಳಿ. ಸಾಮಾನ್ಯವಾಗಿ ಈ ವರದಿಗಳು ಒಂದೆರಡು ದಿನದಲ್ಲೇ ಸಿದ್ಧವಾಗುತ್ತವೆ. ಅವನ್ನು ತಂದು ನಿಮ್ಮೂರಿನ ಕುಟುಂಬ ವೈದ್ಯರಿಗೆ ತೋರಿಸಲು ಮುಂದಿನ ತಿಂಗಳವರೆಗೆ ಕಾಯಬೇಕಾಗಿಲ್ಲ. ಎಕೋ ವರದಿಯನ್ನೂ ಹಾಗೆಯೇ ತೋರಿಸಬಹುದು. ಹೃದಯದ ರಚನೆ ಮತ್ತು ಪಂಪ್ ಮಾಡುವ ಶಕ್ತಿ ಸರಿಯಾಗಿದ್ದರೆ ನಿಮ್ಮ ಆತಂಕದ ದೊಡ್ಡ ಪಾಲು ಅಲ್ಲಿಯೇ ಕಡಿಮೆಯಾಗಬೇಕು, ಏಕೆಂದರೆ ರಚನೆ ಚೆನ್ನಾಗಿರುವ ಹೃದಯದಲ್ಲಿ ಆಗಾಗ ಬರುವ ಹೆಚ್ಚುವರಿ ಬಡಿತಗಳು ಸಾಮಾನ್ಯವಾಗಿ ಅಪಾಯ ತರುವುದಿಲ್ಲ. ಹೃತ್ಕುಕ್ಷಿಯಿಂದ ಹುಟ್ಟುವ ಅಂತಹ ಬಡಿತಗಳು ದಿನದ ಒಟ್ಟು ಬಡಿತದಲ್ಲಿ ನೂರಕ್ಕೆ ಹತ್ತನ್ನು ಮೀರಿದಾಗ, ಕಾಲಾನಂತರದಲ್ಲಿ ಹೃದಯವನ್ನು ದಣಿಸುತ್ತವೆಯೇ ಎಂದು ವೈದ್ಯರು ಗಮನಿಸತೊಡಗುತ್ತಾರೆ. ಹೋಲ್ಟರ್ ಆ ಲೆಕ್ಕವನ್ನು ಕೊಡುತ್ತದೆ.

ರಾತ್ರಿಯ ಕಾವಲಿನ ಬಗ್ಗೆ ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಆಕ್ಸಿಮೀಟರನ್ನು ಮನೆಯವರ ಕೈಗೆ ಕೊಟ್ಟುಬಿಡಿ. ಅದು ರಕ್ತದ ಆಮ್ಲಜನಕವನ್ನು ತೋರಿಸುವ ಸಾಧನ. ಮುಂಚಿತವಾಗಿ ಬೀಳುವ ದುರ್ಬಲ ಬಡಿತಗಳ ಅಲೆ ಬೆರಳ ತುದಿಯವರೆಗೆ ಬಾರದೇ ಹೋಗುವುದರಿಂದ ನಾಡಿಯ ಸಂಖ್ಯೆಯನ್ನು ಅದು ತಪ್ಪಾಗಿ, ಕಡಿಮೆಯಾಗಿ ತೋರಿಸಬಹುದು. ಆ ಸಂಖ್ಯೆ ನೋಡಿ ನೀವು ಬೆಚ್ಚಿದರೆ ಅಡ್ರಿನಲಿನ್ ಏರುತ್ತದೆ, ಅಡ್ರಿನಲಿನ್ ಏರಿದರೆ ಹೆಚ್ಚುವರಿ ಬಡಿತಗಳು ಇನ್ನಷ್ಟು ಹುಟ್ಟುತ್ತವೆ, ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ಎದೆ ಮತ್ತೆ ಡವಗುಟ್ಟುತ್ತದೆ. ನಾಡಿ ನೋಡಲೇಬೇಕೆನಿಸಿದರೆ ಬೆಳಿಗ್ಗೆ ಎದ್ದಾಗ ಒಮ್ಮೆ, ಡವಡವ ಬಂದಾಗ ಒಮ್ಮೆ, ಮಣಿಕಟ್ಟಿನಲ್ಲಿ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಅದಕ್ಕಿಂತ ಹೆಚ್ಚು ಬೇಡ. ಬಲಮಗ್ಗುಲಾಗಿ ಮಲಗಿ, ರಾತ್ರಿಯ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು ಮುಗಿಸಿ. ಭಯ ಅಷ್ಟಕ್ಕೂ ಬಿಡದಿದ್ದರೆ, ದಿನದ ಯಾವ ಹೊತ್ತಿನಲ್ಲಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆತಂಕಕ್ಕೆ ಸಹಾಯ ಕೇಳಿದರೆ ‘ಇದೆಲ್ಲ ಮನಸ್ಸಿನ ಭ್ರಮೆ’ ಎಂದುಬಿಡುತ್ತಾರೆ ಎಂಬ ಅಂಜಿಕೆ ಅನೇಕ ಹೆಣ್ಣುಮಕ್ಕಳಿಗಿದೆ, ಅದಕ್ಕೆ ಕಾರಣವೂ ಇದೆ. ನಿಮ್ಮ ಡವಡವ ನಿಜವಾದದ್ದು, ಅದರ ಭಯವೂ ನಿಜವಾದದ್ದು, ಎರಡಕ್ಕೂ ಚಿಕಿತ್ಸೆ ಪಡೆಯುವ ಹಕ್ಕು ನಿಮಗಿದೆ.

ಕಾಫಿಯನ್ನು ಪೂರ್ತಿ ಬಿಡಬೇಕಾಗಿಲ್ಲ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ನೂರು ಮಂದಿ ವಯಸ್ಕರನ್ನು ಕಾಫಿ ಕುಡಿದ ದಿನ ಮತ್ತು ಬಿಟ್ಟ ದಿನ ಪರೀಕ್ಷಿಸಿದಾಗ, ಹೃತ್ಕರ್ಣದ ಹೆಚ್ಚುವರಿ ಬಡಿತಗಳು ಗಮನಾರ್ಹವಾಗಿ ಹೆಚ್ಚಲಿಲ್ಲ. ಹೃತ್ಕುಕ್ಷಿಯವು ಸ್ವಲ್ಪ ಹೆಚ್ಚಿದವು, ನಿದ್ದೆ ಅರ್ಧ ಗಂಟೆಗೂ ತುಸು ಹೆಚ್ಚು ಕಡಿಮೆಯಾಯಿತು. ಬೆಳಗಿನ ಒಂದು ಲೋಟ ಇರಲಿ, ಮಧ್ಯಾಹ್ನದ ಮೇಲೆ ಬೇಡ. ಅದಕ್ಕಿಂತ ಮುಖ್ಯವಾಗಿ, ಅಂಗಡಿಯಿಂದ ಕೇಳಿ ತರುವ ನೆಗಡಿಯ ಮಾತ್ರೆಗಳು, ತೂಕ ಇಳಿಸುವ ಪುಡಿಗಳು ಎದೆಬಡಿತವನ್ನು ಏರಿಸಬಲ್ಲವು. ಆಸ್ತಮಾದ ಇನ್‌ಹೇಲರ್ ಕೂಡ ಹಾಗೆ ಮಾಡುವುದುಂಟು. ಅದನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಶಾಲೆಗೆ ಖಂಡಿತ ಹೋಗಿ. ತಲೆಸುತ್ತು ಇಲ್ಲದಿದ್ದರೆ ನಡಿಗೆಯೂ ಇರಲಿ. ಒಂದು ಸಲವಾದರೂ ಕಣ್ಣು ಕತ್ತಲಿಟ್ಟಿದ್ದರೆ ಮಾತ್ರ ವರದಿ ಬರುವವರೆಗೆ ಸ್ಕೂಟರ್ ಓಡಿಸಬೇಡಿ, ಏಣಿ ಹತ್ತಬೇಡಿ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಬಿಪಿ, ಶುಗರ್ ಎರಡೂ ಇವೆ. ನಾಡಿ ಲೆಕ್ಕಕ್ಕೇ ಸಿಗುತ್ತಿಲ್ಲ ಎಂದು ಊರಿನ ಡಾಕ್ಟರು ಎಕೋ ಬರೆದುಕೊಟ್ಟಿದ್ದಾರೆ, ದಿನಾಂಕ ಇನ್ನೂ ದೂರವಿದೆ. ಅಪ್ಪನಿಗೆ ಯಾವ ತ್ರಾಸವೂ ಇಲ್ಲ. ಅಲ್ಲಿಯವರೆಗೆ ರಕ್ತ ತೆಳುವಾಗಲಿ ಎಂದು ಆಸ್ಪಿರಿನ್ ಕೊಡಬಹುದೇ?
– ಒಬ್ಬ ಮಗ, ಧಾರವಾಡ ಜಿಲ್ಲೆ

ಉತ್ತರ: ನಿಮ್ಮ ತಂದೆಯವರ ವಿಷಯ ಮೇಲಿನ ಪತ್ರದ ವಿಷಯಕ್ಕಿಂತ ಬೇರೆ, ಮತ್ತು ಇಲ್ಲಿ ನಾನು ಅವಸರ ಮಾಡಿ ಎನ್ನುತ್ತೇನೆ. ಈ ವಯಸ್ಸಿನಲ್ಲಿ ನಾಡಿ ಪೂರ್ತಿ ಕ್ರಮ ತಪ್ಪಿದ್ದರೆ, ಹೃತ್ಕರ್ಣಗಳು ಬಡಿಯುವ ಬದಲು ಬರೀ ಕಂಪಿಸುವ ‘ಏಟ್ರಿಯಲ್ ಫಿಬ್ರಿಲೇಶನ್’ ಇರಬಹುದೇ ಎಂಬುದೇ ಮೊದಲ ಪ್ರಶ್ನೆ. ಅದನ್ನು ತಿಳಿಯಲು ಎಕೋದ ದಿನಾಂಕದವರೆಗೆ ಕಾಯಬೇಕಾಗಿಲ್ಲ, ನಾಡಿ ಹಾಗೆಯೇ ನಡೆಯುತ್ತಿದ್ದರೆ ಒಂದು ಸಾಧಾರಣ ಇಸಿಜಿ ಸಾಕು. ಈ ವಾರವೇ ತೆಗೆಸಿ. ಕಂಪಿಸುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಈ ಲಯದೋಷ ಇರುವವರಲ್ಲಿ ಲಕ್ವದ ಸಾಧ್ಯತೆ ಸುಮಾರು ಐದು ಪಟ್ಟು. ರೋಗಿಗೆ ತ್ರಾಸವಿಲ್ಲ ಎಂಬುದರಿಂದ ಈ ಅಪಾಯ ಕಡಿಮೆಯಾಗುವುದಿಲ್ಲ. ವಯಸ್ಸು 65 ದಾಟಿರುವುದು, ಬಿಪಿ, ಶುಗರ್, ಮೂರೂ ಅದನ್ನು ಹೆಚ್ಚಿಸುತ್ತವೆ.

ಆಸ್ಪಿರಿನ್ ಈ ಹೆಪ್ಪನ್ನು ತಡೆಯುವಲ್ಲಿ ಸಾಲದು, ಹೊಟ್ಟೆಯಲ್ಲಿ ರಕ್ತಸ್ರಾವ ಮಾತ್ರ ತರಬಹುದು. ಆದ್ದರಿಂದ ನೀವಾಗಿ ಕೊಡಬೇಡಿ. ಬೇರೆ ಕಾರಣಕ್ಕೆ ವೈದ್ಯರೇ ಮೊದಲಿನಿಂದ ಬರೆದಿದ್ದರೆ ನೀವಾಗಿ ನಿಲ್ಲಿಸಲೂಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಮಾತ್ರೆಗಳಿವೆ, ಇಸಿಜಿಯಲ್ಲಿ ಖಚಿತವಾದರೆ ಅವನ್ನು ಎಕೋಗೆ ಮೊದಲೇ ಶುರು ಮಾಡಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕಿರಿದಾಗಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರಿಗೆ ಹೊಸ ಮಾತ್ರೆಯೊಂದಕ್ಕಿಂತ ಹಳೆಯ ವಾರ್ಫರಿನ್ ಗುಂಪಿನ ಮಾತ್ರೆಯೇ ಉತ್ತಮ ಎಂದು 2022ರ ಅಧ್ಯಯನವೊಂದು ತೋರಿಸಿದೆ. ಯಾವ ಮಾತ್ರೆ ಎಂಬ ಆಯ್ಕೆಗೆ ಎಕೋ ಬೇಕಾಗುವುದು ಈ ಕಾರಣಕ್ಕೂ ಹೌದು. ಈ ನಡುವೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ, ‘ಸ್ವಲ್ಪ ಮಲಗಲಿ, ಸರಿಹೋಗುತ್ತದೆ’ ಎಂದು ಕಾಯಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ನಿಮ್ಮಲ್ಲಿಂದ ಸ್ಕ್ಯಾನ್ ಇರುವ ಅತಿ ಹತ್ತಿರದ ಆಸ್ಪತ್ರೆ ಯಾವುದೆಂದು ಮನೆಯ ಎಲ್ಲರಿಗೂ ಈಗಲೇ ಗೊತ್ತಿರಲಿ.

ಪ್ರಶ್ನೆ: ನನಗೆ 27 ವರ್ಷ. ಕೈಗಡಿಯಾರದ ಇಸಿಜಿಯಲ್ಲಿ ಆಗಾಗ ‘ನಿರ್ಧರಿಸಲಾಗಿಲ್ಲ’ ಎಂದು ಬರುತ್ತದೆ. ನಿದ್ದೆಯಲ್ಲಿ ನಾಡಿ 48ಕ್ಕೆ ಇಳಿದಿತ್ತು. ಹೋಲ್ಟರ್ ಫಲಿತಾಂಶಕ್ಕೆ ಕಾಯುತ್ತಿದ್ದೇನೆ. ಜಿಮ್ ಮುಂದುವರಿಸಬಹುದೇ?
– ಓದುಗ, ಬೆಂಗಳೂರು

ಉತ್ತರ: ನಿಯಮಿತವಾಗಿ ವ್ಯಾಯಾಮ ಮಾಡುವ ಯುವಕರಲ್ಲಿ ನಿದ್ದೆಯ ನಾಡಿ 50ಕ್ಕಿಂತ ಕೆಳಗಿಳಿಯುವುದು ಸಹಜ. ಗಡಿಯಾರ ತೆಗೆಯುವುದು ಒಂದೇ ದಿಕ್ಕಿನ ಇಸಿಜಿ, ಅದರಿಂದ ಹೃದಯಾಘಾತ ತಿಳಿಯುವುದಿಲ್ಲ. ಕೈ ಅಲುಗಿದರೂ ಬೆರಳು ಒದ್ದೆಯಾಗಿದ್ದರೂ ‘ನಿರ್ಧರಿಸಲಾಗಿಲ್ಲ’ ಎಂದು ಬರುತ್ತದೆ. ಅದನ್ನು ಡವಡವ ಬಂದ ಹೊತ್ತಿನಲ್ಲಿ ಮಾತ್ರ, ಕೈಯನ್ನು ಮೇಜಿನ ಮೇಲೆ ಅಲುಗದಂತಿಟ್ಟು ಅರ್ಧ ನಿಮಿಷ ದಾಖಲಿಸಿ, ಆ ಕಡತವನ್ನು ವೈದ್ಯರಿಗೆ ಕಳುಹಿಸಿ. ರಾತ್ರಿ ಗಡಿಯಾರವನ್ನು ಬಿಚ್ಚಿಡಿ. ಎನರ್ಜಿ ಡ್ರಿಂಕ್‌ಗಳನ್ನೂ ವ್ಯಾಯಾಮಕ್ಕೆ ಮೊದಲು ಕುಡಿಯುವ ಪುಡಿಗಳನ್ನೂ ಇಂದಿನಿಂದಲೇ ನಿಲ್ಲಿಸಿ, ಅವುಗಳಲ್ಲಿ ಕೆಫೀನ್ ಪ್ರಮಾಣ ಬಹಳ ಹೆಚ್ಚಿರುವುದುಂಟು. ವ್ಯಾಯಾಮದ ನಡುವೆ ಎಂದಾದರೂ ಕಣ್ಣು ಕತ್ತಲಿಟ್ಟಿದ್ದರೆ, ಎದೆ ಹಿಂಡಿದ್ದರೆ ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ ಜಿಮ್ಮಿಗೆ ಹೋಗುವುದನ್ನು ಇಂದೇ ನಿಲ್ಲಿಸಿ, ಹೋಲ್ಟರ್ ವರದಿಗೆ ಕಾಯದೆ ಹೃದ್ರೋಗ ತಜ್ಞರನ್ನು ಕಾಣಿ. ಇವು ಯಾವುವೂ ಇಲ್ಲದಿದ್ದರೆ, ಮಾತನಾಡುತ್ತಲೇ ಮಾಡಬಹುದಾದಷ್ಟು ವೇಗದ ನಡಿಗೆ, ಹಗುರ ವ್ಯಾಯಾಮ ಇರಲಿ. ಭಾರ ಎತ್ತುವುದನ್ನು ವರದಿ ನೋಡಿದ ಮೇಲೆ ವೈದ್ಯರನ್ನು ಕೇಳಿಯೇ ಮತ್ತೆ ಶುರು ಮಾಡಿ.